ಗರ್ಭನಿರೋಧಕ ಮಾತ್ರೆ: ನೊವೆಲಾನ್‌ನಿಂದ ಫೆಮಿಲಾನ್‌ಗೆ ಬದಲಾಯಿಸಿದವರು ಇದ್ದೀರಾ?

ನನಗೆ 29 ವರ್ಷ. ಮಗನಿಗೆ ಎರಡು ತುಂಬಿ ಎದೆಹಾಲು ಬಿಡಿಸಿದ ಮೇಲೆ ಡಾಕ್ಟರ್ ನೊವೆಲಾನ್ ಬರೆದುಕೊಟ್ಟರು. ಮುಟ್ಟು ಸರಿಯಾಗಿ ಬರುತ್ತಿದೆ, ಹೊಟ್ಟೆನೋವೂ ಕಡಿಮೆ. ಆದರೆ ವಾಕರಿಕೆ, ಸ್ತನ ಬಿಗಿದು ನೋವು. ಫೆಮಿಲಾನ್‌ಗೆ ಬದಲಾಯಿಸೋಣ ಅಂತಿದ್ದಾರೆ. ಪವರ್ ಕಡಿಮೆ ಅಂದ್ರೆ ಗರ್ಭ ನಿಂತುಬಿಡುವ ಭಯ ಇರುತ್ತಾ? ಎರಡನ್ನೂ ಬಳಸಿದವರು ದಯವಿಟ್ಟು ಹೇಳಿ.

*

ಭಯ ಬೇಡ ತಂಗಿ, ನಾನೂ 30ರಿಂದ 20ಕ್ಕೆ ಇಳಿದವಳೇ. ಎರಡೂ ಸ್ಟ್ರಿಪ್‌ಗಳ ಹಿಂದಿನ ಸಣ್ಣ ಅಕ್ಷರ ಓದಿ ನೋಡಿ. ಡೆಸೊಜೆಸ್ಟ್ರೆಲ್ ಅನ್ನುವ ಹಾರ್ಮೋನು ಎರಡರಲ್ಲೂ 150 ಮೈಕ್ರೋಗ್ರಾಂ. ಎಥಿನೈಲ್ ಎಸ್ಟ್ರಾಡಿಯಾಲ್, ಅಂದರೆ ಎಸ್ಟ್ರೋಜನ್, ಅದರ ಪ್ರಮಾಣ ಮಾತ್ರ ಬೇರೆ. ನೊವೆಲಾನ್‌ನಲ್ಲಿ 30, ಫೆಮಿಲಾನ್‌ನಲ್ಲಿ 20. ಅಂಡಾಣು ಹೊರಬರದ ಹಾಗೆ ತಡೆಯುವ ಮುಖ್ಯ ಕೆಲಸ ಡೆಸೊಜೆಸ್ಟ್ರೆಲ್‌ನದು. ಎಸ್ಟ್ರೋಜನ್ ಅದಕ್ಕೆ ಜೊತೆ ಕೊಡುತ್ತದೆ, ಗರ್ಭಕೋಶದ ಒಳಪದರ ಮಧ್ಯದಲ್ಲೇ ಉದುರದಂತೆ ಹಿಡಿದಿಡುತ್ತದೆ. ಅದಕ್ಕೇ 20ಕ್ಕೆ ಇಳಿದಾಗ ಗರ್ಭ ನಿಲ್ಲುವ ಭಯಕ್ಕಿಂತ ನಡುವೆ ರಕ್ತದ ಕಲೆ ಕಾಣಿಸುವುದು ಜಾಸ್ತಿ.

ನನಗೆ ವಾಕರಿಕೆ ಬೇಗ ಹೋಯಿತು, ಸ್ತನದ ನೋವೂ ಇಳಿಯಿತು. ಆದರೆ ಮೊದಲ ಸ್ಟ್ರಿಪ್‌ನ ಮಧ್ಯದಲ್ಲಿ ಕಂದು ಬಣ್ಣದ ಕಲೆ ಶುರುವಾಯಿತು. ಪ್ಯಾಡ್ ಬೇಕಾಗುವಷ್ಟಲ್ಲ, ಆದರೂ ಮನಸ್ಸಿಗೆ ಕಿರಿಕಿರಿ. ಮೂರು ತಿಂಗಳು ನೋಡಿ ಅಂದರು ಡಾಕ್ಟರ್. ಮೂರನೇ ಸ್ಟ್ರಿಪ್ ಮುಗಿಯುವ ಹೊತ್ತಿಗೆ ನಿಂತಿತು. ಕಲೆ ಕಂಡಿತು ಅಂತ ಮಧ್ಯದಲ್ಲೇ ಬಿಡಬೇಡಿ ಕಣಮ್ಮ, ಅಲ್ಲೇ ಎಡವಟ್ಟಾಗುವುದು.

*

ನನ್ನದು ಉಲ್ಟಾ. 20ರಲ್ಲಿ ಸ್ಪಾಟಿಂಗ್ ನಿಲ್ಲಲೇ ಇಲ್ಲ, ಮನೆಯಲ್ಲಿ ಪೂಜೆ ಅಂದ್ರೆ ತಲೆಬಿಸಿ. 30ಕ್ಕೆ ವಾಪಸ್ ಬಂದೆ. ರಾತ್ರಿ ಊಟ ಆದಮೇಲೆ ತಗೊಂಡು ಮಲಗುತ್ತೇನೆ, ವಾಕರಿಕೆ ಗೊತ್ತೇ ಆಗುವುದಿಲ್ಲ. ಬದಲಾಯಿಸುವ ಮೊದಲು ಇದನ್ನೊಮ್ಮೆ ಮಾಡಿ ನೋಡಬಹುದು, ಅಲ್ವಾ?

*

ನಾನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನರ್ಸ್. ಮಾತ್ರೆ ಬದಲಾಯಿಸುವಾಗ ನಡುವೆ ಬಿಡುವು ಉದ್ದವಾಗುವುದೇ ನನಗೆ ಆತಂಕ. ಎರಡರಲ್ಲೂ 21 ಮಾತ್ರೆ, ಆಮೇಲೆ 7 ದಿನ ಬಿಡುವು. ಹಳೆಯ ಸ್ಟ್ರಿಪ್ ಮುಗಿದ ಮರುದಿನವೇ ಹೊಸದು ಶುರು ಮಾಡಬಹುದು. ಬಿಡುವು ಕೊಟ್ಟರೂ ಎಂಟನೇ ದಿನ ಶುರುವಾಗಲೇಬೇಕು, ಮುಟ್ಟು ಇನ್ನೂ ನಿಂತಿಲ್ಲ ಅಂತ ಕಾಯಬೇಡಿ. ಶುರು ಮಾಡಿದ ತಾರೀಕನ್ನು ಸ್ಟ್ರಿಪ್ ಹಿಂದೆ ಪೆನ್ನಲ್ಲಿ ಬರೆದಿಡಿ.

ಒಂದು ಮರೆತರೆ ನೆನಪಾದ ಕೂಡಲೇ ನುಂಗಿ, ಮುಂದಿನದು ಮಾಮೂಲಿ ಹೊತ್ತಿಗೆ. ಎರಡೋ ಹೆಚ್ಚೋ ತಪ್ಪಿದರೆ ಮತ್ತೆ ಸತತ 7 ದಿನ ಮಾತ್ರೆ ಆಗುವ ತನಕ ಕಾಂಡೋಮ್ ಬಳಸಿ. ಟಿಬಿಗೆ ಕೊಡುವ ರಿಫಾಂಪಿಸಿನ್, ಫಿಟ್ಸ್‌ನ ಕೆಲವು ಮಾತ್ರೆ ನಡೆಯುತ್ತಿದ್ದರೆ ಇವೆರಡನ್ನೂ ನಂಬುವಂತಿಲ್ಲ. ಡಾಕ್ಟರಿಗೆ ಹೇಳಲೇಬೇಕು.

ಇನ್ನೊಂದು, ಯಾರೂ ಬಾಯಿಬಿಟ್ಟು ಹೇಳದ್ದು. ರಕ್ತ ಹೆಪ್ಪುಗಟ್ಟುವ ಅಪಾಯ. ಯುರೋಪಿನ ಔಷಧ ಸಂಸ್ಥೆ 2013ರಲ್ಲಿ ಕೊಟ್ಟ ಲೆಕ್ಕ ಹೀಗಿದೆ. ಮಾತ್ರೆ ತೆಗೆದುಕೊಳ್ಳದ, ಗರ್ಭಿಣಿಯೂ ಅಲ್ಲದ 10,000 ಹೆಂಗಸರಲ್ಲಿ ವರ್ಷಕ್ಕೆ 2 ಮಂದಿಗೆ, ಲೆವೊನೊರ್ಜೆಸ್ಟ್ರೆಲ್ (ಡೆಸೊಜೆಸ್ಟ್ರೆಲ್‌ನಂಥದ್ದೇ ಇನ್ನೊಂದು ಹಾರ್ಮೋನು) ಇರುವ ಮಾತ್ರೆಯಲ್ಲಿ 5ರಿಂದ 7, ಡೆಸೊಜೆಸ್ಟ್ರೆಲ್ ಇರುವುದರಲ್ಲಿ 9ರಿಂದ 12. ಸಂಖ್ಯೆ ಚಿಕ್ಕದೇ, ಆದರೂ ಗೊತ್ತಿರಲಿ. ನಮ್ಮಲ್ಲಿ ಉಚಿತವಾಗಿ ಸಿಗುವ ಮಾಲಾ-ಎನ್‌ನಲ್ಲಿ ಇರುವುದು ಲೆವೊನೊರ್ಜೆಸ್ಟ್ರೆಲ್, ಎಸ್ಟ್ರೋಜನ್ 30. ಸರ್ಕಾರದ್ದು ಅಂತ ಸುಮ್ನೆ ತಳ್ಳಿಹಾಕಬೇಡಿ, ಅದೂ ಒಳ್ಳೆಯ ಮಾತ್ರೆ.

ಒಂದೇ ಕಾಲಿನ ಮೀನಖಂಡ ಊದಿ ನೋವು, ಎದೆನೋವು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ಕಣ್ಣು ಮಂಜಾಗುವುದು, ಇದರಲ್ಲಿ ಯಾವುದು ಆದರೂ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಹೋಗಿ. ಬಿಪಿ ಈಗಲೇ ನೋಡಿಸಿ.

*

ನರ್ಸ್ ಅಕ್ಕ ಹೇಳಿದ್ದಕ್ಕೆ ನನ್ನದೂ ಒಂದು ಸೇರಿಸುತ್ತೇನೆ. ನನಗೆ ಮೈಗ್ರೇನ್ ಬರುವ ಮುಂಚೆ ಕಣ್ಣ ಮುಂದೆ ಅಂಕುಡೊಂಕು ಬೆಳಕು ಹೊಳೆಯುತ್ತದೆ. ಅದನ್ನು ಕೇಳಿದ ಕೂಡಲೇ ಡಾಕ್ಟರ್ 30ರದ್ದೂ ಬೇಡ, 20ರದ್ದೂ ಬೇಡ ಅಂದರು. ಪಾರ್ಶ್ವವಾಯುವಿನ ಅಪಾಯ ಇದೆಯಂತೆ. ಕಾಪರ್-ಟಿ ಹಾಕಿಸಿಕೊಂಡೆ. 35 ದಾಟಿ ಸಿಗರೇಟು ಸೇದುವವರಿಗೂ ಇವು ಆಗುವುದಿಲ್ಲ. ನಿಮಗೆ ತಲೆನೋವಿನ ಜೊತೆ ಹಾಗೇನಾದರೂ ಕಾಣಿಸುತ್ತಾ? ಕಂಡರೆ ಯಾವುದು ವಾಸಿ ಅನ್ನುವ ಪ್ರಶ್ನೆಯನ್ನೇ ಬದಿಗಿಟ್ಟು, ಮೊದಲು ಡಾಕ್ಟರಿಗೆ ಅದನ್ನು ಹೇಳಿ.