ಪದಚರ್ಚೆ: ಕಂಪೈಲರ್‌ನ ‘ಬಗ್‌ಫಿಕ್ಸ್’ ಬಿಡುಗಡೆಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ, ನಮಸ್ಕಾರ.

ಹ್ಯಾಸ್ಕೆಲ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯುವವರಿಗಾಗಿ ಅದರ ಕಂಪೈಲರ್ (ಬರೆದ ಪ್ರೋಗ್ರಾಂ ಅನ್ನು ಕಂಪ್ಯೂಟರ್ ಓಡಿಸಬಲ್ಲ ರೂಪಕ್ಕೆ ತರುವ ತಂತ್ರಾಂಶ) ಜಿಎಚ್‌ಸಿಯ ಬಿಡುಗಡೆ ಟಿಪ್ಪಣಿಗಳನ್ನು ಕನ್ನಡದಲ್ಲಿ ಬರೆಯುವ ಕೆಲಸ ಹಿಡಿದಿದ್ದೇನೆ. ದೊಡ್ಡ ಬಿಡುಗಡೆಗಳ ಟಿಪ್ಪಣಿ ಅಷ್ಟೇನೂ ಕಾಡಲಿಲ್ಲ. ಅಲ್ಲಿ ಹೊಸ ಸೌಲಭ್ಯಗಳ ವಿವರಣೆ ಇರುತ್ತದೆ, ನಾಲ್ಕು ಮಾತು ಜಾಸ್ತಿಯಾದರೂ ಬಿಡಿಸಿ ಹೇಳಬಹುದು. ಕಾಡುತ್ತಿರುವುದು ಪುಟ್ಟ ಬಿಡುಗಡೆಗಳು, ಬಗ್ (ತಂತ್ರಾಂಶದೊಳಗಿನ ಎಡವಟ್ಟು) ಸರಿಪಡಿಸಲೆಂದೇ ಬರುವಂಥವು. ಅವುಗಳ ಟಿಪ್ಪಣಿ ಒಂದೊಂದೇ ಸಾಲು. ಆ ಒಂದು ಸಾಲಿನಲ್ಲಿ ಏನು ಕೆಟ್ಟಿತ್ತು, ಯಾರ ಕಡೆಯಿಂದ ಕೆಟ್ಟಿತ್ತು, ಈಗ ಏನಾಗಿದೆ ಎಂಬ ಮೂರೂ ತಿಳಿಯಬೇಕು. ಅದಕ್ಕೆ ಬೇಕಾದ ಪದಗಳ ಬಗ್ಗೆ ನಿಮ್ಮ ಅಭಿಪ್ರಾಯ ಕೇಳೋಣ ಅಂತ ಬರೆಯುತ್ತಿದ್ದೇನೆ.

ಪರಿಚಯ ಇಲ್ಲದವರಿಗೆ ಒಂದು ಮಾತು. ಜಿಎಚ್‌ಸಿ ಆವೃತ್ತಿಯ ಹೆಸರಿನಲ್ಲಿ ಮೂರು ಅಂಕಿಗಳಿರುತ್ತವೆ. ನಡುವಿನದು ಸಮಸಂಖ್ಯೆಯಾದರೆ ಅದು ಎಲ್ಲರೂ ಬಳಸಲೆಂದು ಬಿಟ್ಟ ಸರಣಿ. ಬೆಸಸಂಖ್ಯೆಯಾದರೆ ಇನ್ನೂ ಕಟ್ಟುತ್ತಿರುವ ಸರಣಿ. ಕೊನೆಯ ಅಂಕಿ 1ರಿಂದ ಶುರುವಾಗುತ್ತದೆ. 2022ರ ಆಗಸ್ಟ್‌ನಲ್ಲಿ 9.4.1 ಬಂತು. ಆಮೇಲೆ 2023ರ ನವೆಂಬರ್‌ನ 9.4.8ರವರೆಗೆ ಬಂದವೆಲ್ಲ ಹೆಚ್ಚುಕಡಿಮೆ ಸರಿಪಡಿಸುವ ಬಿಡುಗಡೆಗಳೇ. ಓಕ್ಯಾಮಲ್ ಎಂಬ ಇನ್ನೊಂದು ಭಾಷೆಯವರು ಸೊನ್ನೆಯಿಂದ ಎಣಿಸುತ್ತಾರೆ: 5.1.0, ಆಮೇಲೆ 5.1.1. ಎಣಿಕೆ ಹೇಗೇ ಇರಲಿ, ಕೊನೆಯ ಅಂಕಿ ಮಾತ್ರ ಬದಲಾಗಿದ್ದರೆ ಬಳಸುವವರು ಒಂದನ್ನು ನಿರೀಕ್ಷಿಸುತ್ತಾರೆ. ನನ್ನ ಪ್ರೋಗ್ರಾಂ ಇದ್ದ ಹಾಗೇ ಇರಬೇಕು, ಕಂಪೈಲರ್ ಮಾತ್ರ ಸುಧಾರಿಸಿರಬೇಕು.

ಮೊದಲ ತೊಡಕು ‘ದೋಷ’. ಬಗ್‌ಗೆ ದೋಷ ಅನ್ನುತ್ತೇವೆ. ಪ್ರೋಗ್ರಾಂ ಬರೆದವರು ಮಾಡಿದ ತಪ್ಪಿಗೂ ದೋಷ ಅನ್ನುತ್ತೇವೆ. ಆ ತಪ್ಪನ್ನು ಕಂಪೈಲರ್ ತೋರಿಸಿದರೆ ಅದು ದೋಷ ಸಂದೇಶ. ಬೇರೆ ತಂತ್ರಾಂಶಗಳಲ್ಲಿ ಈ ಗೊಂದಲ ಹೇಗೋ ನಡೆದುಹೋಗುತ್ತದೆ. ಆದರೆ ಕಂಪೈಲರ್‌ನ ಉದ್ಯೋಗವೇ ಇನ್ನೊಬ್ಬರ ತಪ್ಪು ಹಿಡಿಯುವುದು. ಅದರಲ್ಲೂ ಹ್ಯಾಸ್ಕೆಲ್, ಓಕ್ಯಾಮಲ್, ಎಲ್ಮ್ ಥರದ ಭಾಷೆಗಳಲ್ಲಿ ಟೈಪ್ ತಪಾಸಣೆ (ಅಂಕಿ ಬೇಕಾದ ಕಡೆ ಪದ ಕೊಟ್ಟಿಲ್ಲ ತಾನೇ ಎಂದು ನೋಡುವಂಥ ಪರೀಕ್ಷೆ) ಬಹಳ ಬಿಗಿ. ಪ್ರೋಗ್ರಾಂ ಓಡುವ ಮೊದಲೇ ಅರ್ಧಕ್ಕರ್ಧ ಜಗಳ ಮುಗಿದಿರುತ್ತದೆ. ಹಾಗಾಗಿ ‘ದೋಷ ಸಂದೇಶದಲ್ಲಿದ್ದ ದೋಷವನ್ನು ಸರಿಪಡಿಸಲಾಗಿದೆ’ ಅಂತ ಬರೆದರೆ ವ್ಯಾಕರಣ ಸರಿ, ಆದರೆ ಓದುವವರಿಗೆ ಏನೂ ದಕ್ಕುವುದಿಲ್ಲ. ಸಂದೇಶದ ಮಾತು ತಪ್ಪಾಗಿತ್ತೋ, ಸಂದೇಶವೇ ಬರಬಾರದಿತ್ತೋ? ‘ದೋಷನಿವಾರಣೆ’ ಅಂದರಂತೂ ಬೇರೇನೋ ನೆನಪಾಗುತ್ತದೆ, ಬಿಡಿ.

ಒಂದು ಕಾಲದಲ್ಲಿ ಜಿಎಚ್‌ಸಿಯಲ್ಲಿ ಒಂದು ಬಗ್ ಇತ್ತು. ಪ್ರೋಗ್ರಾಂನಲ್ಲಿ ಟೈಪ್ ತಪ್ಪಿದ್ದರೆ ಅದು ಮೂಲ ಕಡತವನ್ನೇ ಅಳಿಸಿಹಾಕುತ್ತಿತ್ತು! ಇಲ್ಲಿ ಬರೆದವರದ್ದೊಂದು ತಪ್ಪು, ಕಂಪೈಲರ್‌ನದ್ದೊಂದು ತಪ್ಪು. ಎರಡಕ್ಕೂ ದೋಷ ಅಂತಲೇ ಬರೆದರೆ ಈ ಕಥೆಯನ್ನು ಕನ್ನಡದಲ್ಲಿ ಹೇಳೋಕೇ ಆಗುವುದಿಲ್ಲ.

ನನ್ನ ಸಲಹೆ ಹೀಗಿದೆ. ಪ್ರೋಗ್ರಾಂ ಬರೆದವರದ್ದು ‘ತಪ್ಪು’. ಕಂಪೈಲರ್‌ನದ್ದು ‘ಬಗ್’. ‘ಬಗ್’ ಕನ್ನಡವಲ್ಲ ಅನ್ನುವವರು ಇಲ್ಲಿದ್ದಾರೆ, ಗೊತ್ತು. ಆದರೆ ಈ ಕೆಲಸ ಮಾಡುವ ಕನ್ನಡಿಗರೆಲ್ಲ ಆಡುವುದು ಅದನ್ನೇ. ‘ಬಗ್ಗು ಸಿಕ್ತು’, ‘ಬಗ್ಗಿದೆ ಕಣ್ರೀ’ ಅಂತ ವಿಭಕ್ತಿ ಕ್ರಿಯಾಪದಗಳೆಲ್ಲ ಅದಕ್ಕೆ ಸಲೀಸಾಗಿ ಹೊಂದಿಕೊಂಡಿವೆ. ಎರಡು ಬೇರೆ ವಿಷಯಗಳಿಗೆ ಎರಡು ಬೇರೆ ಪದ ಇರುವುದು ಮುಖ್ಯ ಅಂತ ನನಗನ್ನಿಸುತ್ತದೆ.

ಈ ಗೆರೆ ಎಳೆದ ಮೇಲೆ ಕನ್ನಡದ ಕ್ರಿಯಾಪದಗಳು ನೆರವಿಗೆ ಬರುತ್ತವೆ. ಟೈಪ್ ತಪಾಸಣೆಯ ಬಗ್ ಮುಖ್ಯವಾಗಿ ಎರಡು ಬಗೆ. ಸರಿಯಾದ ಪ್ರೋಗ್ರಾಂ ಅನ್ನು ಬೇಡವೆನ್ನುವುದು ಒಂದು, ತಪ್ಪಾದದ್ದನ್ನು ಒಳಗೆ ಬಿಟ್ಟುಕೊಳ್ಳುವುದು ಇನ್ನೊಂದು. ಇಂಗ್ಲಿಷಿನಲ್ಲಿ ಇವಕ್ಕೆ ಶಾಸ್ತ್ರದ ಪದಗಳಿವೆ. ನಮಗೆ ‘ತಪ್ಪಿಲ್ಲದ ಕಡೆ ತಪ್ಪು ಹಿಡಿಯುತ್ತಿತ್ತು’, ‘ಒಪ್ಪಬಾರದ್ದನ್ನು ಒಪ್ಪುತ್ತಿತ್ತು’ ಅಂದರೆ ಸಾಕು. ಎರಡನೆಯದು ಜಾಸ್ತಿ ಅಪಾಯ, ಯಾಕೆಂದರೆ ಯಾರೂ ದೂರು ಕೊಡುವುದಿಲ್ಲ. ಮೂರನೇ ಬಗೆಯದ್ದೂ ಒಂದಿದೆ: ತಪಾಸಣೆಯೆಲ್ಲ ಸರಿ, ಆದರೆ ಹುಟ್ಟಿಸಿದ ಕೋಡ್ ತಪ್ಪು. ಜಿಎಚ್‌ಸಿ 9.2ರಲ್ಲಿ ಎಆರ್ಚ್64 (64 ಬಿಟ್‌ನ ಆರ್ಮ್) ಪ್ರೊಸೆಸರ್‌ಗೆ ನೇರವಾಗಿ ಕೋಡ್ ಹುಟ್ಟಿಸುವ ಭಾಗ ಹೊಸದಾಗಿ ಸೇರಿತು. 8 ಬಿಟ್, 16 ಬಿಟ್‌ನ ಸಣ್ಣ ಪೂರ್ಣಾಂಕಗಳ ಲೆಕ್ಕದಲ್ಲಿ ಅದು ಎಡವುತ್ತಿತ್ತು. ನಂತರದ ಪುಟ್ಟ ಬಿಡುಗಡೆಗಳಲ್ಲಿ ಅದನ್ನು ಸರಿಪಡಿಸಿದರು. ಇಂಥ ಕಡೆ ‘ಕೋಡ್ ಉತ್ಪಾದನಾ ದೋಷ’ ಅನ್ನುವುದಕ್ಕಿಂತ ‘ಸದ್ದಿಲ್ಲದೆ ತಪ್ಪು ಉತ್ತರ ಕೊಡುತ್ತಿತ್ತು’ ಅನ್ನುವುದೇ ವಾಸಿ. ಅಪಾಯ ಎಲ್ಲಿತ್ತು ಅಂತ ತಕ್ಷಣ ತಿಳಿಯುತ್ತದೆ.

ಕಂಪೈಲರ್ ತಾನೇ ಕುಸಿದುಬಿದ್ದಾಗ ಜಿಎಚ್‌ಸಿ ಒಂದು ತಮಾಷೆಯ ಸಂದೇಶ ಕೊಡುತ್ತದೆ. ‘ಪ್ಯಾನಿಕ್!’ ಎಂದು ಕೂಗಿ, ‘ಇಂಪಾಸಿಬಲ್’ ಆದದ್ದು ಆಗಿಹೋಯಿತು ಅನ್ನುತ್ತದೆ. ಇದನ್ನು ದಯವಿಟ್ಟು ಬಗ್ ಎಂದು ವರದಿ ಮಾಡಿ ಅಂತಲೂ ಕೇಳಿಕೊಳ್ಳುತ್ತದೆ. ಇದಕ್ಕೆ ‘ಆಗಬಾರದ್ದು ಆಗಿಹೋಯಿತು’ ಅನ್ನೋಣ ಅಂತ ಒಬ್ಬರು ಸೂಚಿಸಿದರು. ಕೇಳೋಕೆ ಚೆನ್ನಾಗಿದೆ, ಆದರೆ ಅದು ಸಾವುನೋವಿನ ಮಾತು. ‘ಆಗಬಾರದ್ದು’ ಅಂದರೆ ಆಗುವ ಸಾಧ್ಯತೆ ಇತ್ತು, ಆಗದಿದ್ದರೆ ಒಳ್ಳೆಯದಿತ್ತು ಅಂತ. ಇಲ್ಲಿ ಹೇಳಬೇಕಾದದ್ದು ಬೇರೆ: ಕಂಪೈಲರ್ ಬರೆದವರ ಲೆಕ್ಕದಲ್ಲಿ ಈ ದಾರಿಗೆ ಬರುವುದೇ ಸಾಧ್ಯವಿರಲಿಲ್ಲ. ಅದು ‘ಆಗಲಾರದ್ದು’. ‘ಆಗಲಾರದ್ದು ಆಗಿಹೋಗಿದೆ’ ಅಂದರೆ ಅರ್ಥವೂ ಕೂಡುತ್ತದೆ, ಮೂಲದ ತುಂಟತನವೂ ಉಳಿಯುತ್ತದೆ. ಬಾರದು, ಲಾರದು ಎರಡನ್ನೂ ಬೇರೆ ಬೇರೆ ಇಟ್ಟುಕೊಂಡಿರುವ ಭಾಷೆಗೆ ಇಷ್ಟು ಲಾಭ ಆಗಲೇಬೇಕು, ಅಲ್ವಾ?

ಇನ್ನು ‘ಫಿಕ್ಸ್’. ಇದನ್ನು ಹಾಗೇ ಉಳಿಸಿಕೊಳ್ಳೋಣ ಅನ್ನುವವರಿಗೆ ನನ್ನ ತಕರಾರಿದೆ. ನಮ್ಮ ಮಾತಿನಲ್ಲಿ ಫಿಕ್ಸ್ ಅಂದರೆ ಗಟ್ಟಿಯಾಯಿತು, ಖಾತ್ರಿಯಾಯಿತು ಅಂತ. ದಿನ ಫಿಕ್ಸ್, ಜಾಗ ಫಿಕ್ಸ್. ‘ಈ ಆವೃತ್ತಿಯಲ್ಲಿ ಬಗ್ ಫಿಕ್ಸ್’ ಅಂದರೆ ಹೊಸಬರು ಬಗ್ ಇರುವುದು ಗ್ಯಾರಂಟಿ ಅಂತ ಓದಿಕೊಂಡಾರು. ಇನ್ನೊಂದು ತೊಡಕು ಕ್ರಿಯಾರೂಪದ್ದು. ಇಂಗ್ಲಿಷ್ ಟಿಪ್ಪಣಿಯ ಸಾಲು ‘ಫಿಕ್ಸ್’ ಎಂಬ ಕ್ರಿಯಾಪದದಿಂದಲೇ ಶುರುವಾಗುತ್ತದೆ. ಅದನ್ನು ನೇರವಾಗಿ ‘ಇಂಥ ಬಗ್ ಸರಿಪಡಿಸಿ’ ಅಂತ ತಂದದ್ದನ್ನು ಕೆಲವು ಅನುವಾದಗಳಲ್ಲಿ ನೋಡಿದ್ದೇನೆ. ಓದುಗರಿಗೆ ಹೋಂವರ್ಕ್ ಕೊಟ್ಟ ಹಾಗಾಯಿತು! ‘ಸರಿಪಡಿಸಲಾಗಿದೆ’ ಅಂದರೆ ತಪ್ಪೇನಿಲ್ಲ. ಆದರೆ ಮೂವತ್ತು ಸಾಲೂ ‘ಲಾಗಿದೆ, ಲಾಗಿದೆ’ ಅಂತ ಮುಗಿದರೆ ಸರ್ಕಾರಿ ಸುತ್ತೋಲೆ ಓದಿದಂತಾಗುತ್ತದೆ. ‘ಇಂಥ ಪ್ರೋಗ್ರಾಂ ಕೊಟ್ಟರೆ ಕಂಪೈಲರ್ ಈಗ ಕುಸಿಯುವುದಿಲ್ಲ’ ಅನ್ನುವುದು ನನಗೆ ಹಿಡಿಸುತ್ತದೆ. ‘ಈಗ’ ಎಂಬ ಒಂದೇ ಪದ ‘ಮೊದಲು ಕುಸಿಯುತ್ತಿತ್ತು’ ಅನ್ನುವುದನ್ನೂ ಹೇಳಿಬಿಡುತ್ತದೆ.

ಹೆಸರುಪದ ಬೇಕೇಬೇಕಾದಾಗ ಏನು ಮಾಡುವುದು? ‘ತಿದ್ದುಪಡಿ’ ಎಲ್ಲರಿಗೂ ಮೊದಲು ಹೊಳೆಯುವ ಪದ. ಇಲ್ಲಿ ಒಂದು ಸೂಕ್ಷ್ಮವಿದೆ. ತಿದ್ದುಪಡಿ ಅಂದರೆ ಕಾಯ್ದೆಯ ತಿದ್ದುಪಡಿ, ಅಂದರೆ ನಿಯಮವೇ ಬದಲಾಗುವುದು. ಭಾಷೆಯ ನಿಯಮ ಬದಲಾದರೆ ಅದು ಖಂಡಿತ ತಿದ್ದುಪಡಿ. ಆದರೆ ಪುಟ್ಟ ಬಿಡುಗಡೆಯಲ್ಲಿ ನಿಯಮ ಇದ್ದಲ್ಲೇ ಇರುತ್ತದೆ. ಅದನ್ನು ಪಾಲಿಸದಿದ್ದ ಕಂಪೈಲರ್ ಈಗ ಪಾಲಿಸುತ್ತದೆ, ಅಷ್ಟೇ. ಇದಕ್ಕೆ ‘ಸರಿಪಡಿಕೆ’ ಅಥವಾ ಸುಮ್ನೆ ‘ರಿಪೇರಿ’ ಸಾಕು.

ರಿಪೇರಿ, ತಿದ್ದುಪಡಿ ಎರಡೂ ಬೆರೆಯುವ ಸಂದರ್ಭಗಳೂ ಇವೆ. ಹ್ಯಾಸ್ಕೆಲ್‌ನಲ್ಲಿ ‘ನ್ಯೂಟೈಪ್’ ಅಂತ ಇದೆ, ಇದ್ದ ಟೈಪ್‌ಗೇ ಹೊಸ ಹೆಸರು ಕೊಟ್ಟು ಬೇರೆಯದೆಂದು ಎಣಿಸುವ ವ್ಯವಸ್ಥೆ. ಹಳೆಯ ಟೈಪ್‌ಗೆ ಬರೆದ ಕೋಡ್ ಅನ್ನು ಹೊಸದಕ್ಕೂ ತಾನಾಗಿ ಹೊಂದಿಸಿಕೊಡುವ ಒಂದು ವಿಸ್ತರಣೆಯನ್ನು ಜಿಎಚ್‌ಸಿ ಕೊಟ್ಟಿತ್ತು. ಅದರ ಜೊತೆ ‘ಟೈಪ್ ಫ್ಯಾಮಿಲಿ’ (ಒಂದು ಟೈಪ್ ನೋಡಿ ಇನ್ನೊಂದು ಟೈಪ್ ಆಯ್ದುಕೊಡುವ ಸೌಲಭ್ಯ) ಸೇರಿಸಿದರೆ ಒಂದು ಟೈಪ್‌ನ ಮೌಲ್ಯವನ್ನು ಸಂಬಂಧವೇ ಇಲ್ಲದ ಇನ್ನೊಂದು ಟೈಪ್ ಅಂತ ದಾಟಿಸಬಹುದಿತ್ತು. ಒಪ್ಪಬಾರದ್ದನ್ನು ಒಪ್ಪುವ ಬಗ್‌ಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ದೂರು ದಾಖಲಾದದ್ದು 2007ರಲ್ಲಿ. ಸರಿಯಾದದ್ದು 2014ರಲ್ಲಿ ಬಂದ 7.8ರಲ್ಲಿ, ‘ರೋಲ್’ ಎಂಬ ಹೊಸ ಪರಿಕಲ್ಪನೆಯನ್ನೇ ಟೈಪ್ ವ್ಯವಸ್ಥೆಗೆ ಸೇರಿಸಿದ ಮೇಲೆ. ಆಗ ಮೊದಲು ಒಪ್ಪಿಗೆಯಾಗುತ್ತಿದ್ದ ಕೆಲವು ಪ್ರೋಗ್ರಾಂಗಳು ಒಪ್ಪಿಗೆಯಾಗದೆ ನಿಂತವು. ಇದು ರಿಪೇರಿ ಅಲ್ಲ, ತಿದ್ದುಪಡಿಯೇ. ಪುಟ್ಟ ಬಿಡುಗಡೆಯಲ್ಲಿ ಇಂಥದ್ದನ್ನು ತರಲಿಲ್ಲ ಅನ್ನುವುದನ್ನು ಗಮನಿಸಿ. ಎರಡು ಪದಗಳನ್ನು ಬೇರೆ ಇಟ್ಟರೆ ಈ ಶಿಸ್ತು ಕನ್ನಡದಲ್ಲೂ ಕಾಣುತ್ತದೆ.

ಬಗ್ ಸರಿಪಡಿಸಲು ಕೋಡ್‌ನಲ್ಲಿ ಮಾಡುವ ಬದಲಾವಣೆಗೆ ಇಂಗ್ಲಿಷಿನಲ್ಲಿ ‘ಪ್ಯಾಚ್’. ಅದಕ್ಕೆ ‘ತೇಪೆ’ ಅನ್ನುವವರಿದ್ದಾರೆ. ಬಟ್ಟೆಯ ಮಟ್ಟಿಗೆ ಸರಿ. ಆದರೆ ‘ತೇಪೆ ಹಚ್ಚೋದು’ ಅಂದರೆ ಮುಚ್ಚಿಹಾಕೋದು ಅಂತಲೂ ಆಗುತ್ತದೆ. ಬುಡಕ್ಕೇ ಹೋಗಿ ಸರಿಮಾಡಿದವರ ಕೆಲಸಕ್ಕೆ ಆ ಹೆಸರು ಕೊಟ್ಟರೆ ಅವಮಾನ. ಬುಡ ಸರಿಮಾಡದೆ ಹೊತ್ತು ಕಳೆಯುವ ಉಪಾಯಕ್ಕೆ ‘ಬಳಸುದಾರಿ’ ಎಂಬ ಒಳ್ಳೆಯ ಪದ ನಮ್ಮಲ್ಲೇ ಇದೆ, ಅದನ್ನು ಬಳಸೋಣ. ‘ತಾತ್ಕಾಲಿಕ ಪರಿಹಾರ’ ಅಂದರೆ ದುಡ್ಡು ಸಿಗುತ್ತದೇನೋ ಅನ್ನಿಸುತ್ತದೆ.

ಬಳಸುದಾರಿಗೆ ಓಕ್ಯಾಮಲ್‌ನ ಒಂದು ಪ್ರಸಂಗ ನೆನಪಾಗುತ್ತದೆ. 2016ರಲ್ಲಿ, ಓಕ್ಯಾಮಲ್ 4.03ರ ಹೊತ್ತಿಗೆ, ಕೆಲವರ ಪ್ರೋಗ್ರಾಂಗಳು ಕಾರಣವಿಲ್ಲದೆ ಕುಸಿಯುತ್ತಿದ್ದವು. ಎಲ್ಲರ ಕಂಪ್ಯೂಟರ್‌ನಲ್ಲೂ ಅಲ್ಲ. ಓಕ್ಯಾಮಲ್‌ನ ಮುಖ್ಯ ರೂವಾರಿ ಗ್ಸೇವಿಯರ್ ಲೆರಾಯ್ ಕೊನೆಗೆ ಪ್ರೊಸೆಸರ್ ಮೇಲೇ ಅನುಮಾನಪಟ್ಟರು. ಇಂಟೆಲ್‌ನ ಸ್ಕೈಲೇಕ್ ಪ್ರೊಸೆಸರ್‌ನಲ್ಲಿ ಹೈಪರ್‌ಥ್ರೆಡಿಂಗ್ (ಒಂದೇ ಕೋರ್ ಎರಡು ಕೆಲಸ ಒಟ್ಟಿಗೆ ನಡೆಸುವ ಸೌಲಭ್ಯ) ಆಫ್ ಮಾಡಿದರೆ ಕುಸಿತ ನಿಲ್ಲುತ್ತಿತ್ತು. 4.03ರಿಂದ ಓಕ್ಯಾಮಲ್‌ನ ರನ್‌ಟೈಮ್ (ಪ್ರೋಗ್ರಾಂ ಓಡುವಾಗ ಜೊತೆಗಿರುವ ಭಾಗ) ಅನ್ನು ಜಿಸಿಸಿ ಎಂಬ ಸಿ ಕಂಪೈಲರ್‌ನ ಒಂದು ಹಂತ ಮೇಲಿನ ಆಪ್ಟಿಮೈಸೇಶನ್‌ನಲ್ಲಿ (ಕೋಡ್‌ನ ವೇಗ ಹೆಚ್ಚಿಸುವ ವ್ಯವಸ್ಥೆ) ಕಂಪೈಲ್ ಮಾಡಲು ಶುರುಮಾಡಿದ್ದರು. ಅದರಿಂದ ಹುಟ್ಟಿದ ಕೆಲವು ಚಿಕ್ಕ ಲೂಪ್‌ಗಳು ಪ್ರೊಸೆಸರ್‌ನೊಳಗಿನ ಬಗ್ ಅನ್ನು ಕೆಣಕುತ್ತಿದ್ದವು. 2017ರ ಜೂನ್‌ನಲ್ಲಿ ಡೆಬಿಯನ್ ಎಂಬ ಲಿನಕ್ಸ್ ವಿತರಣೆಯ ತಂಡ ಎಲ್ಲರಿಗೂ ಎಚ್ಚರಿಕೆ ಕೊಟ್ಟಿತು. ರಿಪೇರಿ ಆದದ್ದು ಇಂಟೆಲ್‌ನ ಮೈಕ್ರೋಕೋಡ್‌ನಲ್ಲಿ, ಅಂದರೆ ಪ್ರೊಸೆಸರ್‌ನೊಳಗಿನ ತಂತ್ರಾಂಶದಲ್ಲಿ. ಇಲ್ಲಿ ಪ್ರೋಗ್ರಾಂ ಬರೆದವರ ತಪ್ಪೂ ಇಲ್ಲ, ಕಂಪೈಲರ್‌ನ ಬಗ್ಗೂ ಇಲ್ಲ. ಹೈಪರ್‌ಥ್ರೆಡಿಂಗ್ ಆಫ್ ಮಾಡುವುದು ಬಳಸುದಾರಿ. ಮೈಕ್ರೋಕೋಡ್ ಹಾಕಿಕೊಳ್ಳುವುದು ಸರಿಪಡಿಕೆ. ‘ದೋಷ, ಪರಿಹಾರ’ ಎಂಬ ಎರಡೇ ಪದ ಇಟ್ಟುಕೊಂಡು ಇದನ್ನು ಬರೆದು ನೋಡಿ, ಒದ್ದಾಡಿಹೋಗುತ್ತೀರಿ.

ಇದಕ್ಕಿಂತ ನಯವಾದ ಇನ್ನೊಂದು ಉದಾಹರಣೆ ಎಲ್ಮ್‌ನದ್ದು. 2018ರಲ್ಲಿ 0.19.0 ಬಂತು, 2019ರಲ್ಲಿ 0.19.1. ಎರಡನೆಯದರಲ್ಲಿ ಬಗ್‌ಗಳ ರಿಪೇರಿಯ ಜೊತೆಗೆ ವಾಕ್ಯರಚನೆಯ ತಪ್ಪುಗಳನ್ನು ತೋರಿಸುವ ಸಂದೇಶಗಳನ್ನೂ ಚೆನ್ನಾಗಿ ತಿದ್ದಿ ಬರೆದಿದ್ದರು. ಮೊದಲಿನ ಸಂದೇಶ ಸುಳ್ಳಾಗಿರಲಿಲ್ಲ, ತಿಳಿಯುವ ಹಾಗೆ ಇರಲಿಲ್ಲ ಅಷ್ಟೇ. ಅದು ಬಗ್ಗಾ? ನನ್ನ ಪ್ರಕಾರ ಅಲ್ಲ. ‘ತಪ್ಪಿನ ಸಂದೇಶ ಈಗ ಸ್ಪಷ್ಟವಾಗಿದೆ’ ಅಂತ ಬೇರೆಯಾಗಿಯೇ ಬರೆಯುತ್ತೇನೆ.

‘ಬ್ಯಾಕ್‌ಪೋರ್ಟ್’ ವಿಷಯ ಸಣ್ಣದು, ಆದರೆ ಗುಂಡಿ ಆಳ. ಬಗ್ ಅನ್ನು ಮೊದಲು ಹೊಸ ಕೋಡ್‌ನಲ್ಲಿ ಸರಿಪಡಿಸಿ, ಆಮೇಲೆ ಅದೇ ಬದಲಾವಣೆಯನ್ನು ಹಳೆಯ ಸರಣಿಗೂ ಸೇರಿಸುತ್ತಾರೆ. ‘ಹಿಂದಕ್ಕೆ ತೆಗೆದುಕೊಳ್ಳಲಾಗಿದೆ’ ಅಂದರೆ ಬದಲಾವಣೆಯನ್ನು ಕೈಬಿಟ್ಟರು ಅಂತ ಓದಿಕೊಳ್ಳುತ್ತಾರೆ. ‘ಹಿಂಪಡೆ’, ‘ಹಿಂತೆಗೆ’ ಎಲ್ಲಕ್ಕೂ ಇದೇ ಕಷ್ಟ. ಅರ್ಥ ಪೂರ್ತಿ ಉಲ್ಟಾ. ‘9.4ಕ್ಕೂ ಸೇರಿಸಿದ್ದಾರೆ’ ಅಂದರೆ ಮುಗಿಯಿತು. ಆ ‘ಕ್ಕೂ’ದ ಊಕಾರವೇ ಎಲ್ಲ ಹೇಳುತ್ತದೆ, ಹೊಸ ಪದ ಕಟ್ಟಬೇಕಿಲ್ಲ.

ಹ್ಯಾಸ್ಕೆಲ್, ಓಕ್ಯಾಮಲ್ ಥರದ ಭಾಷೆಗಳಿಗೆ ‘ಫಂಕ್ಷನಲ್’ ಭಾಷೆಗಳು ಅನ್ನುತ್ತಾರೆ. ಆ ಪದವನ್ನು ನಾನು ಮುಟ್ಟುತ್ತಿಲ್ಲ. ‘ಕ್ರಿಯಾತ್ಮಕ ಭಾಷೆ’ ಅಂದರೆ ಉಳಿದ ಭಾಷೆಗಳು ಸುಮ್ಮನೆ ಕೂತಿವೆ ಅಂದ ಹಾಗಾಗುತ್ತದೆ. ಅದಕ್ಕೆ ಬೇರೆಯೇ ಚರ್ಚೆ ಬೇಕು.

ಈಗ ನಾನು ನಿಜವಾಗಿ ಸಿಕ್ಕಿಹಾಕಿಕೊಂಡಿರುವ ಪದ: ‘ರಿಗ್ರೆಶನ್’. ಹಿಂದಿನ ಆವೃತ್ತಿಯಲ್ಲಿ ಸರಿಯಾಗಿದ್ದದ್ದು ಹೊಸ ಆವೃತ್ತಿಯಲ್ಲಿ ಕೆಟ್ಟಿರುವುದು. ಪುಟ್ಟ ಬಿಡುಗಡೆಗಳು ಬರುವುದೇ ಬಹಳ ಸಲ ಇದಕ್ಕಾಗಿ, ಹಾಗಾಗಿ ತಪ್ಪಿಸಿಕೊಳ್ಳುವ ಹಾಗಿಲ್ಲ. ‘ಮರುಕಳಿಸಿದ ಬಗ್’ ಅಂತ ಬಳಕೆಯಲ್ಲಿದೆ. ಆದರೆ ಮರುಕಳಿಸುವುದು ಜ್ವರ, ಅಂದರೆ ಮೊದಲೊಮ್ಮೆ ಬಂದು ಹೋದದ್ದು. ರಿಗ್ರೆಶನ್‌ನಲ್ಲಿ ಬಗ್ ಮೊದಲು ಇದ್ದಿರಲೇಬೇಕೆಂದಿಲ್ಲ. ‘ಹಿನ್ನಡೆ’ ಅಂದರೆ ಇಡೀ ಯೋಜನೆಯೇ ಸೋತಂತೆ ಕೇಳಿಸುತ್ತದೆ. ‘ಹದಗೆಟ್ಟಿದೆ’ ಅಂದರೆ ನಿಧಾನವಾಗಿ ಕೆಡುತ್ತಾ ಬಂತು ಅಂತ. ಇಲ್ಲಿ ಹಾಗಲ್ಲ, ಒಂದು ಆವೃತ್ತಿ ದಾಟಿದ ಕೂಡಲೇ ಕೆಟ್ಟಿದೆ. ‘ಕೆಡುಕು’ ಅಂತೂ ಬೇಡವೇ ಬೇಡ.

ಸಾಲಿನೊಳಗೆ ಬಿಡಿಸಿ ಬರೆಯುತ್ತೇನೆ: ‘9.4.1ರಲ್ಲಿ ಸರಿಯಿದ್ದು 9.4.2ರಲ್ಲಿ ಕೆಟ್ಟಿತ್ತು, ಈಗ ಸರಿಯಾಗಿದೆ’ ಅಂತ. ಅದು ಓದಿಸಿಕೊಳ್ಳುತ್ತದೆ. ಆದರೆ ಟಿಪ್ಪಣಿಯಲ್ಲಿ ತಲೆಬರಹ ಇರುತ್ತದೆ, ಬಗ್‌ಗಳ ಪಟ್ಟಿಯಲ್ಲಿ ಲೇಬಲ್ ಹಾಕಬೇಕಾಗುತ್ತದೆ. ಅಲ್ಲಿ ಒಂದೇ ಪದ ಬೇಕು. ‘ಇದ್ದದ್ದು ಕೆಟ್ಟದ್ದು’ ಎಂಬ ಅರ್ಥ ಬರುವ, ಬಾಯಲ್ಲಿ ಆಡಬಹುದಾದ ಪದ ನಿಮ್ಮ ಕಡೆಯ ಮಾತಿನಲ್ಲಿ ಏನಾದರೂ ಇದೆಯೇ? ಯಂತ್ರ ರಿಪೇರಿ ಮಾಡುವವರು ಒಂದು ಭಾಗ ಸರಿಮಾಡುವಾಗ ಇನ್ನೊಂದು ಕೆಟ್ಟರೆ ಅದಕ್ಕೆ ಏನನ್ನುತ್ತಾರೆ? ಜೊತೆಗೆ, ಬಿಡುಗಡೆಯ ಹೆಸರಿಗೆ ‘ಸರಿಪಡಿಕೆ ಆವೃತ್ತಿ’, ‘ರಿಪೇರಿ ಆವೃತ್ತಿ’ ಇವೆರಡರಲ್ಲಿ ಯಾವುದು ನಿಮಗೆ ಹಿಡಿಸುತ್ತದೆ ಅನ್ನುವುದನ್ನೂ ಬರೆಯಿರಿ. ನನ್ನ ಒಲವು ಮೊದಲನೆಯದರ ಕಡೆ, ಆದರೆ ಹಟವಿಲ್ಲ.