ಪಕ್ಕದಲ್ಲೇ ಡರ್ವೆಂಟ್ ನದಿ ಇದ್ದರೂ ಕ್ರಾಮ್‌ಫರ್ಡ್ ಗಿರಣಿಗೆ ತೊರೆ ನೀರೇ ಏಕೆ?

ಕದಿರು:
ಇಂಗ್ಲೆಂಡಿನ ಡರ್ಬಿಶೈರ್‌ನ ಕ್ರಾಮ್‌ಫರ್ಡ್‌ನಲ್ಲಿ ರಿಚರ್ಡ್ ಆರ್ಕ್‌ರೈಟ್ 1771ರಲ್ಲಿ ಹತ್ತಿ ನೂಲುವ ಗಿರಣಿಗೆ ಕೈಹಾಕಿದ. ನಕ್ಷೆಯಲ್ಲಿ ನೋಡಿದರೆ ಡರ್ವೆಂಟ್ ನದಿ ಕೂಗಳತೆಯಲ್ಲೇ ಹರಿಯುತ್ತದೆ. ಆದರೂ ಚಕ್ರ ತಿರುಗಿಸಿದ್ದು ಬಾನ್ಸಲ್ ಎಂಬ ತೊರೆ ಮತ್ತು ಸೀಸದ ಗಣಿಯಿಂದ ಹೊರಬರುತ್ತಿದ್ದ ನೀರು. ನೀರು ಹೆಚ್ಚಿದ್ದಷ್ಟೂ ಬಲ ಹೆಚ್ಚಲ್ಲವೇ? ಅಷ್ಟು ದೊಡ್ಡ ನದಿ ಬಿಟ್ಟು ಈ ಸಣ್ಣ ನೀರನ್ನು ನೆಚ್ಚಿಕೊಂಡಿದ್ದೇಕೆ?

ನೀರುಗಂಟಿ:
ನೀರಿನ ಪ್ರಮಾಣ ಅರ್ಧ ಲೆಕ್ಕ ಮಾತ್ರ, ಅದು ಬೀಳುವ ಎತ್ತರ ಇನ್ನರ್ಧ. ಒಂದು ಉದಾಹರಣೆ ಹಾಕಿ ನೋಡೋಣ. ಸೆಕೆಂಡಿಗೆ 200 ಲೀಟರ್ ನೀರು 5 ಮೀಟರ್ ಎತ್ತರದಿಂದ ಬೀಳುತ್ತಿದೆ ಎಂದುಕೊಳ್ಳಿ. 200 × 9.8 (ಗುರುತ್ವದ ಲೆಕ್ಕ) × 5 = 9,800 ವಾಟ್, ಅಂದರೆ 9.8 ಕಿಲೋವಾಟ್. ಇದರಲ್ಲಿ ಎಷ್ಟು ಕೈಗೆ ಸಿಗುತ್ತದೆ ಎನ್ನುವುದು ಚಕ್ರದ ಮೇಲೆ ನಿಂತಿದೆ. ಇಂಗ್ಲಿಷ್ ಎಂಜಿನಿಯರ್ ಜಾನ್ ಸ್ಮೀಟನ್ 1759ರಲ್ಲಿ ಮಾದರಿ ಚಕ್ರಗಳನ್ನಿಟ್ಟು ಅಳೆದು ತೋರಿಸಿದ್ದು ಇದನ್ನೇ: ಅಡಿಯಲ್ಲಿ ಹರಿಯುವ ನೀರು ಹಲಗೆಗೆ ಬಡಿದು ತಿರುಗಿಸುವ ಚಕ್ರಕ್ಕೆ ಹೆಚ್ಚೆಂದರೆ ಮೂರರಲ್ಲೊಂದು ಪಾಲು ದಕ್ಕುತ್ತದೆ. ಮೇಲಿನಿಂದ ತೊಟ್ಟಿಗಳಿಗೆ ನೀರು ತುಂಬಿ, ಅದರ ಭಾರಕ್ಕೇ ತಿರುಗುವ ಚಕ್ರಕ್ಕೆ ಸುಮಾರು ಮೂರರಲ್ಲೆರಡು. ಅದೇ ನೀರು, ಅದೇ ಎತ್ತರ, ಬಲ ಮಾತ್ರ ಇಮ್ಮಡಿ.

ತೊರೆಯ ನೀರನ್ನು ಕಾಲುವೆಯಲ್ಲಿ ಮೇಲುಮಟ್ಟದಲ್ಲೇ ತಂದು ಚಕ್ರದ ನೆತ್ತಿಗೆ ಬಿಡುವುದು ಸುಲಭ. ಡರ್ವೆಂಟ್‌ನಂಥ ನದಿಯಲ್ಲಿ ನೀರು ಧಾರಾಳ, ಬೀಳುವ ಎತ್ತರ ಕಡಿಮೆ. ಅಲ್ಲಿ ನದಿಗೆ ಅಡ್ಡಲಾಗಿ ಒಡ್ಡು ಕಟ್ಟಬೇಕು, ಚಕ್ರವನ್ನೂ ಬಹಳ ಅಗಲ ಮಾಡಬೇಕು. ಮೊದಲ ಗಿರಣಿ ಎಬ್ಬಿಸುತ್ತಿದ್ದ ಆರ್ಕ್‌ರೈಟ್‌ಗೆ ಅದು ಭಾರೀ ಖರ್ಚು.

ಇನ್ನು ಗಣಿ ನೀರು. ಅದು ಕ್ರಾಮ್‌ಫರ್ಡ್ ಸುರಂಗದ್ದು. ಕಾಸರಗೋಡು, ಪುತ್ತೂರು ಕಡೆ ಅಡಿಕೆ ತೋಟಕ್ಕೆ ಗುಡ್ಡ ಕೊರೆದು ನೀರು ತರುವ ಸುರಂಗದ ತತ್ವವೇ. ಆದರೆ ಅದನ್ನು ತೋಡಿದ್ದು ನೀರಿಗಾಗಿ ಅಲ್ಲ, ಗಣಿಯೊಳಗಿನ ನೀರು ಬಸಿದು ಹೋಗಲೆಂದು. ನೆಲದಾಳದಿಂದ ಬರುವುದರಿಂದ ಆ ನೀರು ಬೇಸಿಗೆಯಲ್ಲಿ ಬತ್ತುತ್ತಿರಲಿಲ್ಲ, ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತಿರಲಿಲ್ಲ. ಗಿರಣಿಗೆ ಬೇಕಾದದ್ದು ಇಂಥ ನೀರು.

ಹಲ್ಲುಚಕ್ರ:
ಹೆಪ್ಪುಗಟ್ಟುವ ವಿಷಯ ಸಣ್ಣದಲ್ಲ. ತೊಟ್ಟಿಗಳಲ್ಲಿ ಮಂಜುಗಡ್ಡೆ ಕೂತರೆ ಚಕ್ರದ ಒಂದು ಮಗ್ಗುಲು ಭಾರವಾಗುತ್ತದೆ. ಹಾಗೇ ಬಿಟ್ಟರೆ ಅರಗಳು ಸೀಳುತ್ತವೆ, ಅಚ್ಚಿನ ತುದಿ ಸವೆಯುತ್ತದೆ.

ಪ್ರವಾಹದ್ದು ಇನ್ನೊಂದು ಕಾಟ. ಹೊಳೆ ಏರಿದಾಗ ಚಕ್ರದ ಕೆಳಗಿನ ನೀರು ಹಿಂದಕ್ಕೆ ಒತ್ತಿ ನಿಲ್ಲುತ್ತದೆ. ನೆತ್ತಿಯ ಮೇಲಿಂದ ಆಚೆಗೆ ನೀರು ಬೀಳುವ ಚಕ್ರದಲ್ಲಿ ಕೆಳತುದಿ ಹರಿವಿಗೆ ಎದುರಾಗಿ ಚಲಿಸುತ್ತದೆ. ಹಾಗಾಗಿ ಒಂದಡಿ ಮುಳುಗಿದರೂ ತೊಟ್ಟಿಗಳು ನೀರನ್ನು ಎತ್ತಿಕೊಂಡು ಬರತೊಡಗುತ್ತವೆ, ಚಕ್ರ ಬಳಲುತ್ತದೆ. ಅದಕ್ಕೇ ದೊಡ್ಡ ನದಿಗಳ ಮೇಲೆ ನೀರನ್ನು ಚಕ್ರದ ಎದೆಮಟ್ಟಕ್ಕೆ ಬಿಡುವ ಪದ್ಧತಿ. ಅಲ್ಲಿ ಚಕ್ರ ತಿರುಗುವ ದಿಕ್ಕೇ ಬೇರೆ, ಕೆಳತುದಿ ಹರಿವಿನ ಜೊತೆಗೇ ಸಾಗುವುದರಿಂದ ನೀರನ್ನು ಆಚೆಗೆ ತಳ್ಳುತ್ತದೆ.

ನೂಲಿಗೆ ಬೇಕಾದ್ದು ಒಂದೇ ಸಮನಾದ ಓಟ. ತೊಟ್ಟಿ ಚಕ್ರದ ಅಂಚು ಸೆಕೆಂಡಿಗೆ ಸುಮಾರು 3 ಅಡಿ ಸರಿದರೆ ಚೆನ್ನ ಎಂದ ಸ್ಮೀಟನ್. 15 ಅಡಿ ವ್ಯಾಸದ ಚಕ್ರಕ್ಕೆ ಅದು ನಿಮಿಷಕ್ಕೆ ಬರೀ 4 ಸುತ್ತು. ಹಲ್ಲುಚಕ್ರಗಳಿಂದ ಅದನ್ನು ಹತ್ತಾರು ಪಟ್ಟು ಏರಿಸಿದ ಮೇಲೆಯೇ ಕದಿರು ತಿರುಗುವುದು. ಹತ್ತಿಯನ್ನು ಎಳೆದು ತೆಳುವಾಗಿಸುವ ಉರುಳೆಗೂ ಹುರಿ ಹಾಕುವ ಕದಿರಿಗೂ ಚಾಲನೆ ಒಂದೇ ಕಡೆಯಿಂದ ಬರುವುದರಿಂದ, ವೇಗ ನಿಧಾನವಾಗಿ ಏರಿಳಿದರೆ ಹುರಿಯ ಲೆಕ್ಕ ತಪ್ಪದು. ದಿಢೀರ್ ಜಗ್ಗಿದರೆ ಮಾತ್ರ ಎಳೆಗಳು ಪಟಪಟನೆ ಹರಿಯುತ್ತವೆ, ಒಂದೊಂದನ್ನೂ ಕೈಯಲ್ಲೇ ಕೂಡಿಸಬೇಕು.

ಕದಿರು:
ಈಗ ಸ್ಪಷ್ಟವಾಯಿತು. ಹಾಗಾದರೆ ಅದೇ ಆರ್ಕ್‌ರೈಟ್ 1783ರಲ್ಲಿ ಮ್ಯಾಸನ್ ಗಿರಣಿಯನ್ನು ಡರ್ವೆಂಟ್ ದಡದಲ್ಲೇ ಕಟ್ಟಿದ್ದು ಏಕೆ?

ನೀರುಗಂಟಿ:
ತೊರೆ ಮತ್ತು ಸುರಂಗದ ನೀರಿಗೆ ಮಿತಿ ಇತ್ತು, ಅಷ್ಟರಲ್ಲಿ ಕೈಯಲ್ಲಿ ದುಡ್ಡೂ ಓಡಾಡುತ್ತಿತ್ತು. ಅದೇ ನದಿಯ ಕೆಳಭಾಗದಲ್ಲಿ, ಬೆಲ್ಪರ್‌ನಲ್ಲಿ, ಗಿರಣಿ ಮಾಲೀಕರಾದ ಸ್ಟ್ರಟ್ ಮನೆತನದವರು 1790ರ ದಶಕದಲ್ಲಿ ಲಾಳದಾಕಾರದ ಒಡ್ಡು ಕಟ್ಟಿದರು. ಒಡ್ಡು ಬಾಗಿದಷ್ಟೂ ಅದರ ಅಂಚು ಉದ್ದವಾಗುತ್ತದೆ. ಹಾಗಾಗಿ ಪ್ರವಾಹದ ನೀರು ತೆಳುವಾಗಿ ಹರಡಿ ದಾಟುತ್ತದೆ, ಮೇಲ್ಭಾಗದಲ್ಲಿ ಹೊಳೆ ಅಷ್ಟು ಉಕ್ಕುವುದಿಲ್ಲ. ಇದು ನನಗೆ ಬಹಳ ಮೆಚ್ಚುಗೆಯಾದ ಕೆಲಸ.

ಗಣಿ ನೀರಿನ ಕತೆ ಮಾತ್ರ ಕೆಟ್ಟದಾಗಿ ಮುಗಿಯಿತು. 1772ರಲ್ಲಿ ಮೀರ್‌ಬ್ರೂಕ್ ಎಂಬ ಇನ್ನೊಂದು ಸುರಂಗ ತೋಡತೊಡಗಿದ್ದರು, ಇನ್ನೂ ಕೆಳಮಟ್ಟದಲ್ಲಿ. ಅದು ಮುಂದೆ ಮುಂದೆ ಸಾಗಿದಂತೆ ಹಳೆಯ ಸುರಂಗದ ನೀರೆಲ್ಲ ಅತ್ತ ಬಸಿಯಿತು. ಗಿರಣಿಯವರು ಕೋರ್ಟಿಗೆ ಹೋದರು. ‘ಆರ್ಕ್‌ರೈಟ್ ವಿರುದ್ಧ ಗೆಲ್’ ಎಂಬ ಹೆಸರಿನ ಆ ಮೊಕದ್ದಮೆಯ ತೀರ್ಪು 1839ರಲ್ಲಿ ಗಿರಣಿಯವರ ವಿರುದ್ಧ ಬಂತು. ಸುರಂಗ ತೋಡಿದ್ದು ಗಣಿ ಬಸಿಯಲು, ಆ ನೀರನ್ನು ಎಷ್ಟು ವರ್ಷ ಬಳಸಿಕೊಂಡರೂ ಅದು ಹರಿಯುತ್ತಲೇ ಇರಬೇಕೆಂದು ಕೇಳುವ ಹಕ್ಕು ಹುಟ್ಟುವುದಿಲ್ಲ ಎಂಬುದು ಅದರ ಸಾರ.

ಹಲ್ಲುಚಕ್ರ:
ಒಂದು ಸೇರ್ಪಡೆ. ತಾನಾಗಿ ಹರಿಯುವ ತೊರೆಗೆ ಈ ತೀರ್ಪು ಅನ್ವಯಿಸದು. ಅಲ್ಲಿ ದಡದವರಿಗೆ ಹರಿವಿನ ಮೇಲೆ ಸಹಜ ಹಕ್ಕಿದೆ. ಹಾಗಾಗಿ ಬಾನ್ಸಲ್ ತೊರೆ ಉಳಿಯಿತು, ಆದರೆ ಅದೊಂದೇ ಸಾಕಾಗಲಿಲ್ಲ. 1840ರ ದಶಕದಲ್ಲಿ ಕ್ರಾಮ್‌ಫರ್ಡ್‌ನ ನೂಲುವ ಕೆಲಸ ಕುಗ್ಗಿತು. ನದಿಯ ನೀರು ನೆಚ್ಚಿದ್ದ ಮ್ಯಾಸನ್ 20ನೇ ಶತಮಾನದಲ್ಲೂ ನೂಲುತ್ತಲೇ ಇತ್ತು.