ಪ್ರಶ್ನೋತ್ತರ: ಗೋಕರ್ಣದ ಬಂಡೆಯಲ್ಲಿ ಸಿಕ್ಕ ಬಿಳಿ ಸೀ ಸ್ಲಗ್ ಯಾವುದು?

ಅಡ್ಮಿನ್: ನಮ್ಮ ಕಡಲ ಗುಂಪಿನ ಎಲ್ಲರಿಗೂ ನಮಸ್ಕಾರ. ಕೇಳುವವರ ಹೆಸರಿನ ಜಾಗದಲ್ಲಿ ಅವರ ಊರು ಇದೆ. ಕಾಲೇಜಿನಲ್ಲಿ ಕಡಲ ಜೀವಶಾಸ್ತ್ರ ಕಲಿಸಿ ನಿವೃತ್ತರಾದ ಮೇಡಂ ಇವತ್ತು ನಮ್ಮ ಪ್ರಶ್ನೆಗಳಿಗೆ ಉತ್ತರ ಕೊಡುತ್ತಾರೆ. ವಿಷಯ ಸೀ ಸ್ಲಗ್, ಅಂದರೆ ಹೊರಗೆ ಚಿಪ್ಪು ಕಾಣದ ಕಡಲ ಬಸವನಹುಳುಗಳು. ಫೋಟೋ ಸ್ಪಷ್ಟ ಇರಲಿ. ಗುಡ್ ಮಾರ್ನಿಂಗ್ ಚಿತ್ರ ದಯವಿಟ್ಟು ಬೇಡ.

ಗೋಕರ್ಣ: ಮೇಡಂ, ಜನವರಿ ಅಮಾವಾಸ್ಯೆಯ ಇಳಿತದಲ್ಲಿ ಕುಡ್ಲೆ ಮತ್ತು ಓಂ ಬೀಚ್ ನಡುವಿನ ಬಂಡೆಗಳ ಹತ್ತಿರ ಸಿಕ್ಕಿದ್ದು. ಹೆಬ್ಬೆರಳಿಗಿಂತ ಸ್ವಲ್ಪ ಉದ್ದ. ಬಿಳಿ ಮೈ, ಮೇಲೆಲ್ಲ ಕಪ್ಪು ಉಂಗುರ. ಮುಂದೆ ಎರಡು ಕೊಂಬು. ನೀಲಿ-ಬೂದು ಬಣ್ಣದ ಸ್ಪಂಜಿನ (ಬಂಡೆಗೆ ಅಂಟಿ ಬೆಳೆಯುವ ಕಡಲ ಪ್ರಾಣಿ) ಮೇಲೆ ಕೂತಿತ್ತು. ಮೇಲಿಂದ ತೆಗೆದ ಒಂದೇ ಫೋಟೋ ಇದೆ. ಯಾವ ಜಾತಿ?

ಕುಮಟಾ: ಇದು ಜಪಾನಿನ ಸೀ ಬನ್ನಿ! ಮೊಲದ ಹಾಗೆ ಇರುತ್ತಲ್ಲ, ವಿಡಿಯೋ ನೋಡಿದ್ದೇನೆ.

ಮೇಡಂ: ಗೋಕರ್ಣದವರೇ, ಒಳ್ಳೆ ಫೋಟೋ. ಸ್ಪಂಜಿನ ವಿಷಯ ಬರೆದಿದ್ದು ಇನ್ನೂ ಒಳ್ಳೆಯದಾಯಿತು. ಹೆಚ್ಚಿನವರು ಹುಳ ಮಾತ್ರ ನೋಡುತ್ತಾರೆ, ಅದು ಯಾವುದರ ಮೇಲೆ ಕೂತಿದೆ ಎಂದು ನೋಡುವುದಿಲ್ಲ. ಈ ಗುಂಪಿನ ಸ್ಲಗ್‌ಗಳು ಊಟದಲ್ಲಿ ಬಹಳ ಮಡಿ. ಎಷ್ಟೋ ಜಾತಿಗಳು ಒಂದೆರಡು ಬಗೆಯ ಸ್ಪಂಜು ಬಿಟ್ಟು ಬೇರೇನೂ ಮುಟ್ಟುವುದಿಲ್ಲ.

ನನ್ನ ಊಹೆ ಜೊರುನ್ನಾ ಫ್ಯುನೆಬ್ರಿಸ್. ಕಾರಣ ಹೇಳುತ್ತೇನೆ. ಫೋಟೋ ದೊಡ್ಡದು ಮಾಡಿ ನೋಡಿ. ಆ ಕಪ್ಪು ಉಂಗುರ ಬಳಿದ ಬಣ್ಣ ಅಲ್ಲ. ಸಣ್ಣ ಸಣ್ಣ ಮುಳ್ಳಿನಂಥ ಗಂಟುಗಳು ವೃತ್ತವಾಗಿ ನಿಂತಿವೆ. ಅದಕ್ಕೇ ಮೈ ಮಖಮಲ್ಲಿನ ಹಾಗೆ ಕಾಣುತ್ತದೆ. ನೀಲಿ ಸ್ಪಂಜೂ ಹೊಂದುತ್ತದೆ. ಸೀ ಬನ್ನಿ ಇದರ ದಾಯಾದಿ, ಜೊರುನ್ನಾ ಪಾರ್ವಾ. 2015ರಲ್ಲಿ ಜಪಾನಿನವರು ಅದರ ವಿಡಿಯೋ ಹರಿಬಿಟ್ಟ ಮೇಲೆ ಬಿಳಿ ಬಣ್ಣದ ಸ್ಲಗ್ ಎಲ್ಲಾ ಮೊಲ ಆಗಿಬಿಟ್ಟಿದೆ. ಅದು ಚಿಕ್ಕದು, ಇಂಥ ದೊಡ್ಡ ಉಂಗುರ ಅದಕ್ಕಿಲ್ಲ.

ಆದರೆ ಬಣ್ಣ ನೋಡಿ ಜಾತಿ ಬರೆದು ಕೈ ಸುಟ್ಟುಕೊಂಡವರು ಬಹಳ ಜನ. ಒಂದೇ ಜಾತಿ ಎರಡು ಬಣ್ಣದಲ್ಲಿ ಬರುತ್ತದೆ, ಎರಡು ಜಾತಿ ಒಂದೇ ಬಣ್ಣದಲ್ಲಿ ಬರುತ್ತವೆ. 2012ರಲ್ಲಿ ಡಿಎನ್‌ಎ ನೋಡಿ ಸೀ ಸ್ಲಗ್‌ಗಳ ಒಂದು ಇಡೀ ಕುಟುಂಬವನ್ನೇ ಬೇರೆ ರೀತಿ ಜೋಡಿಸಿದರು. ಹಳೆ ಪುಸ್ತಕದಲ್ಲಿ ಕ್ರೊಮೊಡೋರಿಸ್ ಕುಲದಲ್ಲಿದ್ದ ಎಷ್ಟೋ ಜಾತಿಗಳು ಈಗ ಗೊನಿಯೊಬ್ರಾಂಕಸ್ ಕುಲದಲ್ಲಿವೆ. ನನಗೆ ಕೊಂಬಿನ ಹತ್ತಿರದ ಫೋಟೋ ಬೇಕು, ಬೆನ್ನ ಹಿಂದೆ ಹೂವಿನ ಹಾಗೆ ಅರಳುವ ಕಿವಿರಿನ ಫೋಟೋ ಬೇಕು. ನಿಮ್ಮ ಚಿತ್ರದಲ್ಲಿ ಅದು ಕಿವಿರನ್ನು ಒಳಗೆ ಎಳೆದುಕೊಂಡಿದೆ. ವಿಡಿಯೋ ಏನಾದರೂ ಮಾಡಿದ್ದೀರಾ? ಹುಡುಕಿ.

ಹೊನ್ನಾವರ: ಮೇಡಂ, ಅಪ್ಸರಕೊಂಡದ ಬಂಡೆ ಮೇಲೆ ಇದು. ಕಪ್ಪೆ ಚರ್ಮದ ಹಾಗಿದೆ. ನೀರು ಇಳಿದಾಗ ಹೊರಗೆ ಬಂದು ತಿರುಗಾಡುತ್ತದೆ. ಸೀ ಸ್ಲಗ್ ತಾನೆ?

ಮೇಡಂ: ಅಲ್ಲ. ಒಂಕಿಡಿಯಂ ಎಂಬ ಬೇರೆ ಸ್ಲಗ್ ಕುಟುಂಬದ್ದು. ಗಾಳಿ ಉಸಿರಾಡುತ್ತದೆ. ಬೆನ್ನ ಮೇಲೂ ಕಣ್ಣುಗಳಿವೆ. ಮುಂದಿನವರು.

ಭಟ್ಕಳ: ನೇತ್ರಾಣಿ ದ್ವೀಪದಲ್ಲಿ ಡೈವ್ ಮಾಡುವಾಗ ಕಂಡದ್ದು. ಕಪ್ಪು ಮೈ, ಗುಲಾಬಿ ಗಂಟು. ಫೋಟೋ ಹಾಕಿದ್ದೇನೆ.

ಮೇಡಂ: ಫಿಲಿಡಿಯೆಲ್ಲಾ ಎಂಬ ಸೀ ಸ್ಲಗ್ ಕುಲ. ಬೆನ್ನ ಮೇಲೆ ಕಿವಿರಿನ ಹೂ ಇಲ್ಲ, ಗಮನಿಸಿ. ಇವಕ್ಕೆ ಕಿವಿರು ಅಡಿಯಲ್ಲಿ, ಅಂಚಿನ ಕೆಳಗೆ. ಜಾತಿ ಹೇಳಲು ಆ ಭಾಗ ಕಾಣಬೇಕು. ಮುಟ್ಟಬೇಡಿ, ಮೀನುಗಳಿಗೆ ಇದರ ಲೋಳೆ ವಿಷ.

ಕಾರವಾರ: ಮೇಡಂ ಅರ್ಜೆಂಟ್. ಟಾಗೋರ್ ಬೀಚಿನಲ್ಲಿ ನನ್ನ ಮಗಳು ನೀಲಿ ಬಣ್ಣದ ಹಲ್ಲಿಯಂಥದ್ದನ್ನು ಅಂಗೈಯಲ್ಲಿ ಎತ್ತಿಕೊಂಡಳು. ಏಳು ವರ್ಷ. ಅರ್ಧ ಗಂಟೆ ಆಯಿತು. ಬೆರಳು ಕೆಂಪಾಗಿದೆ, ಉರಿ ಎಂದು ಅಳುತ್ತಿದ್ದಾಳೆ. ಫೋಟೋ ಇದೆ. ಏನು ಇದು?

ಹೊನ್ನಾವರ: ಸುಣ್ಣ ಹಚ್ಚಿ ಅಕ್ಕ. ಈ ಫಾರ್ವರ್ಡ್ ನೋಡಿ, "ಕಡಲ ಹುಳ ಕಚ್ಚಿದರೆ ಮೂತ್ರ ಮತ್ತು ಸುಣ್ಣ, ಐದೇ ನಿಮಿಷದಲ್ಲಿ ಗುಣ".

ಮೇಡಂ: ಸುಣ್ಣ ಬೇಡ. ಮೂತ್ರ ಬೇಡ. ಹೊನ್ನಾವರದವರೇ, ಸ್ವಲ್ಪ ಸುಮ್ಮನಿರಿ.

ಕಾರವಾರದ ತಂಗೀ, ಮೊದಲು ಮಗು. ಉಸಿರಾಟ ಸರಿ ಇದೆಯಾ? ಮುಖ, ತುಟಿ ಊದಿದೆಯಾ? ವಾಂತಿ, ಎದೆ ನೋವು? ಇವುಗಳಲ್ಲಿ ಒಂದಿದ್ದರೂ ಇದನ್ನು ಓದುತ್ತ ಕೂರಬೇಡಿ, ಆಸ್ಪತ್ರೆಗೆ ಹೊರಡಿ. ಇಲ್ಲದಿದ್ದರೆ ಸಮುದ್ರದ ನೀರಿನಲ್ಲೇ ಕೈ ತೊಳೆಯಿರಿ. ಉಜ್ಜಬೇಡಿ, ಮರಳು ಹಾಕಿ ತಿಕ್ಕಬೇಡಿ. ನೀಲಿ ದಾರದಂಥದ್ದು ಅಂಟಿದ್ದರೆ ಚಿಮಟದಿಂದ ತೆಗೆಯಿರಿ. ಆಮೇಲೆ ಬಿಸಿನೀರು. ಮಗುವಿನ ಕೈ ತಡೆಯುವಷ್ಟೇ ಬಿಸಿ, 45 ಡಿಗ್ರಿ ದಾಟಬಾರದು. ನಿಮ್ಮ ಕೈ ಮೊದಲು ಹಾಕಿ ನೋಡಿ. 20 ನಿಮಿಷ ಅದ್ದಿಡಿ. ವಿನೆಗರ್ ಬಗ್ಗೆ ವೈದ್ಯರಲ್ಲೇ ಎರಡು ಮಾತಿದೆ, ಅದರ ಗೊಡವೆ ಬೇಡ. ಕಣ್ಣು ಉಜ್ಜಿಕೊಳ್ಳಲು ಬಿಡಬೇಡಿ. ನಾನು ಡಾಕ್ಟರ್ ಅಲ್ಲ, ಮಗುವನ್ನು ಇವತ್ತೇ ಒಬ್ಬರಿಗೆ ತೋರಿಸಿ.

ಈಗ ನಿಮ್ಮ ಪ್ರಶ್ನೆ. ಇದು ಗ್ಲಾಕಸ್. ನೀಲಿ ಡ್ರ್ಯಾಗನ್ ಎನ್ನುತ್ತಾರೆ. ಇದೂ ಸೀ ಸ್ಲಗ್ಗೇ, ಆದರೆ ಬಂಡೆಯದ್ದಲ್ಲ. ಹೊಟ್ಟೆಯಲ್ಲಿ ಗಾಳಿ ನುಂಗಿಕೊಂಡು, ನೀರಿನ ಮೇಲೆ ಅಂಗಾತ ತೇಲುತ್ತದೆ. ನಾವು ಬೆನ್ನು ಎಂದುಕೊಳ್ಳುವ ನೀಲಿ ಭಾಗ ಅದರ ಹೊಟ್ಟೆ. ಮಳೆಗಾಲದ ಪಶ್ಚಿಮದ ಗಾಳಿ ಅದನ್ನು ದಡಕ್ಕೆ ತಳ್ಳುತ್ತದೆ. ಇದಕ್ಕೆ ಸ್ವಂತ ವಿಷದ ಕೊಂಡಿ ಇಲ್ಲ. ಫೈಸೇಲಿಯಾ ಎಂಬ ನೀಲಿ ಗುಳ್ಳೆಯ ಪ್ರಾಣಿಯನ್ನು ತಿಂದು, ಅದರ ಕುಟುಕುವ ಕೋಶಗಳನ್ನು ಕರಗಿಸದೆ ಮೈಪಕ್ಕದ ತನ್ನ ಬೆರಳಿನಂಥ ಚಾಚುಗಳ ತುದಿಯಲ್ಲಿ ಕೂಡಿಡುತ್ತದೆ. ಮಗುವಿಗೆ ಕುಟುಕಿದ್ದು ಆ ಕೋಶಗಳು. ಅಂದರೆ ಅದೇ ದಡದಲ್ಲಿ ಈಗ ನೀಲಿ ಗುಳ್ಳೆಗಳೂ ಬಂದಿರುತ್ತವೆ. ಸತ್ತು ಒಣಗಿದಂತೆ ಕಂಡರೂ ಅವುಗಳ ದಾರ ಕುಟುಕುತ್ತದೆ. ಬೇರೆ ಮಕ್ಕಳಿದ್ದರೆ ಕರೆದುಕೊಂಡು ಬನ್ನಿ.

ಗ್ಲಾಕಸ್‌ನಲ್ಲಿ ಯಾವುದು ಎಂದರೆ, ಬೆರಳು ಒಂದೇ ಸಾಲಿನಲ್ಲಿ ಬೀಸಣಿಗೆಯಾಗಿ ಹರಡಿದ್ದರೆ ಅಟ್ಲಾಂಟಿಕಸ್. ಒಂದರ ಮೇಲೊಂದು ದಟ್ಟವಾಗಿ ಇದ್ದರೆ ಮಾರ್ಜಿನೇಟಸ್ ಗುಂಪು. 2014ರಲ್ಲಿ ಆ ಗುಂಪನ್ನೇ ನಾಲ್ಕು ಜಾತಿಯಾಗಿ ಒಡೆದಿದ್ದಾರೆ. ನಿಮ್ಮದು ಒಂದೇ ಸಾಲು. ಇನ್ನೊಂದು ಫೋಟೋ ತೆಗೆಯಲು ವಾಪಸ್ ಹೋಗಬೇಡಿ.

ಕಾರವಾರ: ಉಸಿರು ಸರಿ ಇದೆ ಮೇಡಂ. ಬಿಸಿನೀರಿನಲ್ಲಿ ಇಟ್ಟಿದ್ದೇವೆ. ಡಾಕ್ಟರ್ ಹತ್ತಿರ ಹೊರಟೆವು.

ಶಿರಸಿ: ಒಂದು ಸಂಶಯ ಮೇಡಂ. ನಮ್ಮ ತೋಟದ ಹುಳಕ್ಕೆ ಉಪ್ಪು ಹಾಕಿದರೆ ಅಲ್ಲೇ ಕರಗಿ ಸಾಯುತ್ತದೆ. ಇವು ಉಪ್ಪುನೀರಿನಲ್ಲೇ ಆರಾಮ ಇರ್ತಾವಲ್ಲ, ಎಂತಕ್ಕೆ?

ಮೇಡಂ: ಇವತ್ತಿನ ಒಳ್ಳೆ ಪ್ರಶ್ನೆ. ತೋಟದ ಹುಳದ ಮೈಯೊಳಗೆ ಉಪ್ಪು ಕಡಿಮೆ. ಹೊರಗೆ ಉಪ್ಪು ಬಿದ್ದರೆ ಮೈಯ ನೀರೆಲ್ಲ ಹೊರಗೆ ಬರುತ್ತದೆ. ಕಡಲಿನದರ ಮೈನೀರು ಹೆಚ್ಚುಕಡಿಮೆ ಸಮುದ್ರದಷ್ಟೇ ಉಪ್ಪು. ಅದಕ್ಕೆ ಸಿಹಿನೀರೇ ಶತ್ರು. ಮಳೆಗಾಲದಲ್ಲಿ ಕಾಳಿ, ಅಘನಾಶಿನಿ ನದಿಗಳ ಬಾಯಿಯ ಬಂಡೆಗಳಲ್ಲಿ ಹುಡುಕುವುದು ದಂಡ.

ಶಿರಸಿ: ಹಾಗಾದರೆ ತೋಟದ ಹುಳಕ್ಕೆ ಎಂತ ಹಾಕುವುದು?

ಕುಮಟಾ: ಭಾವ, ಇದು ಕಡಲ ಗುಂಪು!

ಅಂಕೋಲಾ: ಬಲೆಗೆ ಕರಿ, ಉದ್ದನೆಯ ಸ್ಲಗ್ ಬರುತ್ತದೆ, ಸೌತೆಕಾಯಿ ಗಾತ್ರ. ಹೊರದೇಶದವರು ಒಳ್ಳೆ ರೇಟ್ ಕೊಡ್ತಾರಂತೆ. ಹೌದಾ?

ಮೇಡಂ: ಅದು ಸ್ಲಗ್ ಅಲ್ಲ, ಸಮುದ್ರ ಸೌತೆ ಎಂಬ ಬೇರೆಯೇ ಪ್ರಾಣಿ. 2001ರಲ್ಲೇ ಅದನ್ನು ವನ್ಯಜೀವಿ ಕಾಯ್ದೆಯ ರಕ್ಷಿತ ಪ್ರಾಣಿಗಳ ಪಟ್ಟಿಗೆ ಸೇರಿಸಿದ್ದಾರೆ. ಹಿಡಿದರೆ, ಮಾರಿದರೆ ಜೈಲು. ನೀರಿಗೆ ಬಿಡಿ.

ಅಂಕೋಲಾ: ಬಲೆಗೆ ತಾನಾಗಿ ಬಂದರೆ ನಾವೇನು ಮಾಡುವುದು? ಕಾನೂನು ನಮಗೆ ಮಾತ್ರ. ಹೋಮ್‌ಸ್ಟೇಯವರು ಗಿರಾಕಿಗಳನ್ನು ಕರೆತಂದು ಕಲ್ಲೆಲ್ಲ ಮಗುಚಿ ಹಾಕಿ ಹೋಗ್ತಾರಲ್ಲ, ಅದಕ್ಕೆ ಯಾವ ಪಟ್ಟಿ?

ಕುಮಟಾ: ಯಾರಿಗೆ ಹೇಳುತ್ತಿದ್ದೀರಿ? ನಾವು ಕಲ್ಲು ಮುಟ್ಟಲು ಬಿಡುವುದಿಲ್ಲ.

ಅಂಕೋಲಾ: ಕಳೆದ ತಿಂಗಳು ನಿಮ್ಮ ಸ್ಟೇಟಸ್‌ನಲ್ಲೇ ಇತ್ತು. ಬಕೆಟ್‌ನಲ್ಲಿ ನಕ್ಷತ್ರಮೀನು.

ಕುಮಟಾ: ಅದನ್ನು ವಾಪಸ್ ಬಿಟ್ಟಿದ್ದೇವೆ! ಮೀನುಗಾರಿಕೆ ಬಂದ್ ಇರುವ ಎರಡು ತಿಂಗಳು ನಿಮಗೆ ಬೇರೆ ಕೆಲಸ ಇಲ್ಲ ಅನ್ನಿಸುತ್ತದೆ.

ಅಂಕೋಲಾ: ಬಾಯಿ ಸರಿ ಇಟ್ಟುಕೊಂಡು ಮಾತಾಡು.

ಅಡ್ಮಿನ್: ಇಬ್ಬರೂ ನಿಲ್ಲಿಸಿ.

ಮೇಡಂ: ಅಂಕೋಲೆಯವರು ಹೇಳಿದ್ದರಲ್ಲಿ ಅರ್ಧ ಸರಿ. ಸ್ಪಂಜು ಕಲ್ಲಿನ ಅಡಿಭಾಗದ ನೆರಳಲ್ಲಿ ಬೆಳೆಯುತ್ತದೆ. ಕಲ್ಲು ಮಗುಚಿ ಬಿಟ್ಟರೆ ಬಿಸಿಲಿಗೆ ಒಣಗುತ್ತದೆ, ಅದನ್ನೇ ನಂಬಿದ ಸ್ಲಗ್ಗೂ ಹೋಗುತ್ತದೆ. ನೋಡಲೇಬೇಕಿದ್ದರೆ ಎತ್ತಿ ನೋಡಿ, ಇದ್ದ ಹಾಗೇ ಇಡಿ. ಬಕೆಟ್ ಬೇಡ.

ಭಟ್ಕಳ: ನೇತ್ರಾಣಿಗೆ ಈಗ ಬೋಟ್ ಇದೆಯಾ ಯಾರಿಗಾದರೂ ಗೊತ್ತಾ?

ಹೊನ್ನಾವರ: ಮೇಡಂ, ಗೂಗಲ್ ಮಾಡಿದೆ. ಆ ಜೊರುನ್ನಾದಿಂದ ಕ್ಯಾನ್ಸರ್ ಔಷಧಿ ಸಿಗುತ್ತದಂತೆ. ಒಣಗಿಸಿ ಪುಡಿ ಮಾಡಿ ಜೇನಿನಲ್ಲಿ ತೆಗೆದುಕೊಳ್ಳಬಹುದಾ? ನಮ್ಮ ಸಂಬಂಧಿಕರೊಬ್ಬರಿಗೆ ಬೇಕಿತ್ತು.

ಮೇಡಂ: ಇಲ್ಲ. ಇದನ್ನು ಎಲ್ಲರೂ ಓದಿ. 2000ದಲ್ಲಿ ಆ ಸ್ಲಗ್‌ನಲ್ಲಿ ಜೊರುಮೈಸಿನ್ ಎಂಬ ರಾಸಾಯನಿಕ ಸಿಕ್ಕಿದ್ದು ನಿಜ. ಲ್ಯಾಬಿನ ತಟ್ಟೆಯಲ್ಲಿ ಕ್ಯಾನ್ಸರ್ ಕೋಶ ಕೊಂದಿದ್ದೂ ನಿಜ. ಅದು ಕೋಶ ಕೊಲ್ಲುವ ವಿಷ, ರೋಗದ ಕೋಶ ಯಾವುದು ಒಳ್ಳೆಯದು ಯಾವುದು ಎಂದು ನಿಮ್ಮ ಪುಡಿಗೆ ಗೊತ್ತಾಗುವುದಿಲ್ಲ. 2009ರಲ್ಲಿ ನ್ಯೂಜಿಲೆಂಡಿನ ಆಕ್ಲೆಂಡ್ ಹತ್ತಿರದ ಬೀಚುಗಳಲ್ಲಿ ನಾಯಿಗಳು ಸತ್ತವು. ಅವು ತಿಂದ ಬೇರೊಂದು ಸೀ ಸ್ಲಗ್‌ನಲ್ಲಿ ಟೆಟ್ರೊಡೊಟಾಕ್ಸಿನ್ ಇತ್ತು, ಮೈ ಉಬ್ಬಿಸುವ ಪಫರ್ ಮೀನಿನಲ್ಲಿ ಇರುವ ಅದೇ ವಿಷ. ನಿಮ್ಮ ಸಂಬಂಧಿಕರನ್ನು ಅವರ ಕ್ಯಾನ್ಸರ್ ಡಾಕ್ಟರ್ ಹತ್ತಿರ ಬಿಡಿ. ಜೇನು ಚಹಾಕ್ಕೆ ಹಾಕಿಕೊಳ್ಳಿ.

ಹೊನ್ನಾವರ: ಕೇಳಿದ್ದು ತಪ್ಪಾ ಮೇಡಂ? ಹಿರಿಯರು ಎಷ್ಟೋ ಔಷಧಿ ಮಾಡುತ್ತಿದ್ದರು.

ಶಿರಸಿ: ಹಿರಿಯರು ಸೀ ಸ್ಲಗ್ ತಿಂದಿದ್ದು ನಾನಂತೂ ಕೇಳಿಲ್ಲ ಮಾರಾಯ್ರೆ.

ಹಳದೀಪುರ: ಇದು ಯಾವ ಸ್ಲಗ್? (ಮಸುಕಾದ ಫೋಟೋ)

ಮೇಡಂ: ಕಾಣುತ್ತಿಲ್ಲ.

ಹಳದೀಪುರ: ಇದು? (ಅದೇ ಫೋಟೋ, ಕತ್ತರಿಸಿದ್ದು)

ಮೇಡಂ: ಅದೇ ಫೋಟೋ.

ಮಾಜಾಳಿ: ಕಪ್ಪೆ ಚರ್ಮದ ಹಾಗೆ, ಬಂಡೆ ಮೇಲೆ, ಗಾಳಿಯಲ್ಲಿ ತಿರುಗುತ್ತೆ...

ಮೇಡಂ: ಮೇಲೆ ಹೊನ್ನಾವರಕ್ಕೆ ಕೊಟ್ಟ ಉತ್ತರ ಓದಿ.

ಗೋಕರ್ಣ: ಮೇಡಂ, ಹಳೆ ಫೋನಿನಲ್ಲಿ ಒಂದು ವಿಡಿಯೋ ಸಿಕ್ಕಿತು. ಹನ್ನೆರಡನೇ ಸೆಕೆಂಡಿಗೆ ಹಿಂದಿನ ಹೂ ಅರಳುತ್ತದೆ.

ಮೇಡಂ: ಭಲೇ. ಕಿವಿರು ಬಿಳಿ, ಎಸಳಿನ ಮೇಲೆ ಕಪ್ಪು ಗೆರೆ. ಕೊಂಬಿನಲ್ಲೂ ಕಪ್ಪು ಚುಕ್ಕಿ. ಜೊರುನ್ನಾ ಫ್ಯುನೆಬ್ರಿಸ್ ಎಂದೇ ಬರೆದುಕೊಳ್ಳಿ, ಪಕ್ಕದಲ್ಲಿ "ಫೋಟೋ ನೋಡಿ ಗುರುತಿಸಿದ್ದು" ಎಂದೂ ಬರೆಯಿರಿ. ದಿನಾಂಕ, ಇಳಿತದ ಹೊತ್ತು, ಸ್ಪಂಜಿನ ಬಣ್ಣ ಸೇರಿಸಿ. ಮಳೆ ಮುಗಿದ ಮೇಲೆ ಹೋದರೆ ಅದೇ ಸ್ಪಂಜಿನ ಹತ್ತಿರ ಸುರುಳಿಯಾಗಿ ಸುತ್ತಿದ ರಿಬ್ಬನ್ ಇದೆಯಾ ನೋಡಿ, ಅದು ಮೊಟ್ಟೆ. ಪಕ್ಕ ನಾಣ್ಯ ಇಟ್ಟು ಫೋಟೋ ತೆಗೆಯಿರಿ, ಮುಟ್ಟದೆ.

ಕುಮಟಾ: ಅಂದರೆ ಸೀ ಬನ್ನಿ ಅಲ್ಲವೇ ಅಲ್ಲ?

ಮೇಡಂ: ಅಲ್ಲ.

ಹೊನ್ನಾವರ: ಅಕ್ವೇರಿಯಂನಲ್ಲಿ ಸಾಕಬಹುದಾ?

ಮೇಡಂ: ಆ ಸ್ಪಂಜು ಸಿಗದೆ ಉಪವಾಸ ಸಾಯುತ್ತದೆ. ನಾನು ಊಟಕ್ಕೆ ಏಳುತ್ತೇನೆ. ಕಾರವಾರದವರು ಡಾಕ್ಟರ್ ಏನಂದರು ಎಂದು ನನಗೆ ನೇರ ಮೆಸೇಜ್ ಹಾಕಿ.